ಮಣ್ಣಿನ ನಾಣ್ಯವಾದ ಸೋಮದತ್ತ

ಬಹುಕಾಲದ ಹಿಂದೆ, ಕಡಲು ಅರಮನೆಯ ಮೆಟ್ಟಿಲವರೆಗೂ ಬಂದು ಮಾತಾಡಿಸುತ್ತಿದ್ದ ಅಲೆಗೋಡೆಂಬ ರಾಜ್ಯವಿತ್ತು. ಆ ಕಡಲಿಗೆ ಇನ್ನೂ ಬಾರದ ಕಾಲವೂ ಗೊತ್ತಿತ್ತು. ಜರ್ಮನಿಯೆಂಬ ದೂರದೇಶದಲ್ಲಿ, ಎರಡು ಮಹಾಯುದ್ಧಗಳ ನಡುವೆ ಅಚ್ಚಾಗಲಿದ್ದ ನಾಣ್ಯಗಳನ್ನು ಅದು ದಡಕ್ಕೆ ತಂದು ಹಾಕುತ್ತಿತ್ತು: ಗರಿಯಷ್ಟು ಹಗುರವಾದ ಅಲ್ಯೂಮಿನಿಯಂ ನಾಣ್ಯಗಳು, ಓಕ್ ಮರದ ಚಿತ್ರವಿದ್ದ ಬೆಳ್ಳಿಯವು, ಲೋಹ ಸಾಲದೆ ಮಣ್ಣು ಸುಟ್ಟು ಮಾಡಿದ ಕಂದು ಬಿಲ್ಲೆಗಳು. ಆ ದಡದಲ್ಲಿದ್ದ ಸೋಮದತ್ತನೆಂಬವನೂ ಅವನ ಮಗಳು ಕುಮುದಿನಿಯೂ ಅವನ್ನು ಆಯ್ದು ಜೋಪಾನ ಮಾಡುತ್ತಿದ್ದರು. ಹಲವರ ಕೈ ದಾಟಿ ಬಂದ ಮಾಸಲು ಬಣ್ಣವೇ ನಾಣ್ಯದ ನೆನಪು. ಆದ್ದರಿಂದ ಉಜ್ಜಬಾರದು, ಮುಖ ಮುಟ್ಟಬಾರದು, ಅಂಚನ್ನಷ್ಟೇ ಹಿಡಿಯಬೇಕು. ಇದು ಸೋಮದತ್ತನ ಕಟ್ಟಳೆ.

ಮಸೃಣನೆಂಬ ಮಾಂತ್ರಿಕನಿಗಾದರೋ ಎಲ್ಲವೂ ಫಳಫಳ ಹೊಳೆಯಬೇಕು. ಅವನು ಮನುಷ್ಯರನ್ನು ನಾಣ್ಯವಾಗಿಸಿ, ಮಾಯೆಯ ಬಟ್ಟೆಯಿಂದ ದಿನವೂ ಉಜ್ಜುತ್ತಿದ್ದ. ಉಜ್ಜಿದಷ್ಟೂ ಅವರ ನೆನಪು ಅಳಿಯುತ್ತಿತ್ತು. ಒಂದು ದಿನ ಸೋಮದತ್ತನನ್ನೂ ಒಯ್ದ. ಅಪ್ಪನ ನೆನಪು ಪೂರ್ತಿ ಅಳಿದುಹೋಗುವ ಮೊದಲೇ ತಲುಪಬೇಕೆಂದು ಕುಮುದಿನಿ ಮಸೃಣನ ಮೂರು ಬಾಗಿಲ ಕೋಟೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಅಲ್ಯೂಮಿನಿಯಂ ಹದ್ದು ರೆಕ್ಕೆ ಹರಡಿ ಕೂತಿತ್ತು. “ನನ್ನ ಬೆಲೆಯೆಷ್ಟು, ಹೇಳು. ತಪ್ಪಿದರೆ ಕುಕ್ಕುವೆ.”

“ಬೆಲೆ ಕಟ್ಟಲು ಬಂದವಳಲ್ಲ, ಹದ್ದಣ್ಣಾ. ಇಷ್ಟು ಹಗುರಾದ ಮೈಯಲ್ಲಿ ನೀನು ಹಾರುವುದನ್ನು ನೋಡುವಾಸೆ.”

ಯಾರೂ ಹಾಗೆ ಕೇಳಿರಲಿಲ್ಲ. ಹದ್ದು ನಾಚಿಕೊಂಡು ಹಾರಿಯೇ ತೋರಿಸಿತು, ಬಾಗಿಲು ಬಯಲಾಯಿತು.

ಎರಡನೆಯ ಬಾಗಿಲಿಗೆ ಬೆಳ್ಳಿಯ ಓಕ್ ಮರ ಅಡ್ಡ ನಿಂತಿತ್ತು. “ನೋಯದಂತೆ ಒಂದೆಲೆ ಬಿಡಿಸು” ಎಂದಿತು. ಕುಮುದಿನಿ ಅಂಚು ಹಿಡಿದು ಬಿಡಿಸಿದಳು. “ತಣ್ಣನೆಯ ಕೈ ನಿನ್ನದು ತಾಯೀ! ಆ ಮಸೃಣ ಉಜ್ಜಿ ಉಜ್ಜಿ ನನ್ನ ತೊಗಟೆಯೇ ಉಳಿದಿಲ್ಲ” ಎನ್ನುತ್ತ ಮರ ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಾಚೆ ಮಸೃಣನೇ ಕೂತಿದ್ದ. ಅವನೆದುರಿನ ತಟ್ಟೆಯ ತುಂಬ ಮಣ್ಣಿನ ನಾಣ್ಯಗಳು, ಎಲ್ಲವೂ ಒಂದೇ ಬಗೆ.

“ಮುಟ್ಟಿ ನೋಡು, ಬೇಕಾದರೆ ಮೂಸಿ ನೋಡು. ನಿನ್ನಪ್ಪನನ್ನು ಆರಿಸು. ತಪ್ಪಿದರೆ ನೀನೂ ಈ ತಟ್ಟೆಗೇ!”

ಕುಮುದಿನಿಗೆ ಕಣ್ಣು ಮಂಜಾಯಿತು. ಆಮೇಲೆ ಏನೋ ಹೊಳೆದು, ಎಂದೂ ಮಾಡದ ಕೆಲಸ ಮಾಡಿದಳು: ಒಂದೊಂದೇ ನಾಣ್ಯವನ್ನೆತ್ತಿ ಅದರ ಮುಖದ ನಡುವೆಯೇ ಹೆಬ್ಬೆರಳೊತ್ತಿದಳು. ಒಂದು ಸುಮ್ಮನಿತ್ತು. ಇನ್ನೊಂದೂ ಸುಮ್ಮನಿತ್ತು. ಮತ್ತೊಂದು ಮಾತ್ರ ಬೆರಳ ಸಂದಿಯಲ್ಲೇ ಚಡಪಡಿಸಿತು.

“ತೆಗೆಯೇ ಹೆಬ್ಬೆರಳು! ಅಂಚು ಹಿಡಿ ಹುಡುಗೀ, ಅಂಚು!”

“ಇವನೇ ನನ್ನಪ್ಪ!” ಕುಮುದಿನಿ ಅಳುತ್ತಲೇ ನಕ್ಕಳು.

ಮಸೃಣ ಬೆವೆತುಹೋದ. ಗಾಬರಿಯಲ್ಲಿ ಕೈಯಲ್ಲಿದ್ದ ಮಾಯೆಯ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. ಅವನ ನೆನಪಿನಿಂದ ಮಂತ್ರಗಳೆಲ್ಲ ಅಳಿಸಿಹೋದವು. ತಟ್ಟೆಯ ನಾಣ್ಯಗಳು ಮೈಮುರಿದು ಮನುಷ್ಯರಾಗಿ ಎದ್ದವು.

ಸೋಮದತ್ತನೂ ಎದ್ದು ನಿಂತು ಅವಳನ್ನು ನೋಡಿದ. “ಯಾರ ಮಗಳಮ್ಮಾ ನೀನು?”

ಕುಮುದಿನಿ ಅವನ ಕೈ ಹಿಡಿದಳು. “ನಿನ್ನ ಮಗಳೇ, ಅಪ್ಪಾ.”

“ಹೌದೇ?” ಅವನ ಮುಖ ಅರಳಿತು. “ನೆನಪಿಲ್ಲ ಕಂದಾ. ಆದರೆ ಕೇಳಿ ಎಷ್ಟು ಸಂತೋಷವಾಯಿತು! ನಡೆ, ಮನೆಗೆ ಹೋಗೋಣ. ದಾರಿಯುದ್ದಕ್ಕೂ ಹೇಳುತ್ತ ಬಾ, ನೀನು ಹುಟ್ಟಿದ ದಿನದಿಂದ.”

ಅವಳು ಹೇಳಿದಳು. ಅಂದಿನಿಂದ ಅಲೆಗೋಡಿನಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಸೋಮದತ್ತನಂತೂ ಒಬ್ಬಳೇ ಮಗಳನ್ನು ಎರಡು ಸಲ ಪಡೆದ ಅಪ್ಪನಾಗಿ ಬಾಳಿದ.