ಗೋಡೆಯ ಮೇಲಿಟ್ಟ ಬಾವುಟಗಳು

ಎದುರಿಗಿದ್ದವರು ದನಿ ಏರಿಸಿದರೆ ಸಾಕು, ತನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಇಂಥವಳಿಗೆ ಈ ಖಾಕಿ ಯಾಕೆ ಬೇಕಿತ್ತು ಎಂದು ಪ್ರೊಬೇಷನರಿ ಸಬ್ ಇನ್‌ಸ್ಪೆಕ್ಟರ್ ಇಂದು ಜರ್ಯಾಲ್ ತನ್ನೊಳಗೇ ಕೇಳಿಕೊಳ್ಳುತ್ತಿದ್ದಳು. ಟಿಬೆಟಿನ ನಿರಾಶ್ರಿತರು ನೆಲೆಸಿದ್ದ ಈ ಗುಡ್ಡದೂರಿನ ಠಾಣೆಗೆ ಬಂದ ಮೇಲೆ, ಹೇಳಬೇಕೆಂದುಕೊಂಡದ್ದನ್ನು ಒಮ್ಮೆಯಾದರೂ ಹೇಳಿ ಮುಗಿಸಿದ ನೆನಪಿಲ್ಲ.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದ ದೂರುದಾರ ದನಿ ಏರಿಸಿಕೊಂಡೇ ಒಳಗೆ ಬಂದ. ಹೆಸರು ಕರಣ್‌ವೀರ್, ಊರು ಲುಧಿಯಾನ. ರಜೆಗೆಂದು ಮೂವರು ಗೆಳೆಯರೊಂದಿಗೆ ಬಂದಿದ್ದ. ತುಕ್ಪಾ ಎಂಬ ಟಿಬೆಟಿ ನೂಡಲ್ ಸಾರು ಮಾರುವ ಅಂಗಡಿಯ ಕುರ್ಚಿಗೆ ನೇತುಹಾಕಿದ್ದ ಅವನ ಕ್ಯಾಮೆರಾ ಚೀಲ, ಎಲ್ಲರೂ ಕೈತೊಳೆದು ಬರುವಷ್ಟರಲ್ಲಿ ಮಾಯವಾಗಿತ್ತು.

"ಅಂಗಡಿ ಹುಡುಗರಿಗೆ ನಾಲ್ಕು ಬಿಡಿ ಮೇಡಮ್, ತಾನಾಗೇ ಹೊರಗೆ ಬರತ್ತೆ."

"ಚೀಲದಲ್ಲಿ ಏನೇನಿತ್ತು?"

"ಕ್ಯಾಮೆರಾ, ಲೆನ್ಸು. ಆಮೇಲೆ ಇಲ್ಲೇ ಕೊಂಡ, ಮಂತ್ರ ಅಚ್ಚು ಹಾಕಿರೋ ಬಣ್ಣದ ಬಾವುಟ, ಬೈಕಿಗೆ ಕಟ್ಟೋಕೆ."

ಇನ್‌ಸ್ಪೆಕ್ಟರ್ ಕಟೋಚ್ ಎಫ್‌ಐಆರ್ ದಾಖಲಿಸಿ ತನಿಖೆಯನ್ನು ಇಂದುವಿಗೆ ಒಪ್ಪಿಸಿದರು. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಪ್ರೀತಮ್.

ಮಧ್ಯಾಹ್ನದ ಹೊತ್ತಿಗೆ, ಬೌದ್ಧ ಮಂದಿರದ ಹಿಂದಿನ ಪ್ರದಕ್ಷಿಣೆ ದಾರಿಯ ಕಸದ ತೊಟ್ಟಿಯಲ್ಲಿ ಬರಿದಾದ ಚೀಲ ಸಿಕ್ಕಿತು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ನಡೆಸುವಾಗ ಇಂದುವಿನ ಕಣ್ಣು ತೊಟ್ಟಿಯ ಹಿಂದಿನ ಗೋಡೆಯತ್ತ ಹೋಯಿತು. ತಲೆಯೆತ್ತರದ ಆ ಗೋಡೆಯ ಮೇಲೆ ಚೀಲದಲ್ಲಿದ್ದ ಬಾವುಟಗಳಿದ್ದವು.

"ಕಳ್ಳ ಅವಸರದಲ್ಲಿ ಬೀಳಿಸ್ಕೊಂಡಿದಾನೆ ಮೇಡಮ್‌ಜಿ," ಎಂದ ಪ್ರೀತಮ್.

"ಮೇಲಕ್ಕೆ ಬೀಳತ್ತಾ? ಮಡಚಿ, ಹಾರಿ ಹೋಗದ ಹಾಗೆ ಕಲ್ಲು ಬೇರೆ ಇಟ್ಟಿದಾರೆ."

ಕ್ಯಾಮೆರಾ ಎತ್ತಲು ಅಂಜದ ಕೈ, ಮಂತ್ರ ಅಚ್ಚಾದ ಬಟ್ಟೆಯನ್ನು ಕಸಕ್ಕೆ ಹಾಕಲು ಅಂಜಿತ್ತು.

"ಅಂದ್ರೆ ಟಿಬೆಟಿನವರು. ಹಾಗಾದ್ರೆ ಅರ್ಧ ಊರನ್ನೇ ಜೀಪಿಗೆ ತುಂಬಬೇಕು!" ಪ್ರೀತಮ್ ನಕ್ಕ.

ಇಂದು ನಗಲಿಲ್ಲ. ಇಷ್ಟು ದೈವಭಯವಿದ್ದವರು ಕಳ್ಳತನಕ್ಕೆ ಇಳಿದರೆಂದರೆ, ಅವರಿಗೆ ಬೇಕಾಗಿದ್ದದ್ದು ಕ್ಯಾಮೆರಾ ಇರಲಾರದು, ಅದರೊಳಗಿದ್ದ ಏನೋ ಇರಬೇಕು. ಅವಳು ನೇರವಾಗಿ ಗೆಳೆಯರು ಇಳಿದುಕೊಂಡಿದ್ದ ವಸತಿಗೃಹಕ್ಕೆ ನಡೆದಳು.

"ನಿನ್ನೆ ಏನೇನು ಶೂಟ್ ಮಾಡಿದ್ರಿ?"

"ಚೀನಾ ವಿರುದ್ಧ ಟಿಬೆಟಿನವರ ಮೊಂಬತ್ತಿ ಮೆರವಣಿಗೆ. ಒಬ್ಳು ಆಂಟಿ ಅಳ್ತಾ ಇದ್ಲು, ಮುಖದ ಹತ್ರಾನೇ ಹೋಗಿ ತೆಗೆದೆ. ಇವತ್ತು ಹಾಕಿದ್ರೆ ಲಕ್ಷ ಜನ ನೋಡ್ತಿದ್ರು," ಎಂದ ಕರಣ್‌ವೀರ್.

ಮಂಚದ ತುದಿಯಲ್ಲಿ ಕೂತಿದ್ದ ಅವನ ಗೆಳತಿ ಮೆಹಕ್ ತನ್ನ ಮೊಬೈಲನ್ನು ಇಂದುವಿನ ಕೈಗಿತ್ತಳು. ಅದರಲ್ಲಿ ಮೆರವಣಿಗೆಯಲ್ಲಿ ಅವಳೇ ತೆಗೆದಿದ್ದ ಪುಟ್ಟ ವಿಡಿಯೊ ತುಣುಕು. ಅಂಗೈಯಿಂದ ಅರ್ಧ ಮುಖ ಮುಚ್ಚಿಕೊಂಡ ಹೆಂಗಸು: "ಬೇಡಪ್ಪ, ಅಳಿಸಿಬಿಡು. ನನ್ನಮ್ಮ ಇನ್ನೂ ಟಿಬೆಟಿನಲ್ಲೇ ಇದಾಳೆ." ಕರಣ್‌ವೀರನ ದನಿ: "ಸುಮ್ನಿರಿ ಆಂಟಿ, ಫೇಮಸ್ ಆಗ್ತೀರಾ!" ಆಮೇಲೆ ಎಲ್ಲರ ನಗು.

"ಲೇ, ನಿಂಗ್ಯಾಕೆ ಬೇಕಿತ್ತು ಇದು?" ಕರಣ್‌ವೀರ್ ಸಿಡುಕಿದ.

"ಆ ನಗುವಲ್ಲಿ ನಂದೂ ಇದೆ ಕಣೋ," ಎಂದಳು ಮೆಹಕ್.

ಪ್ರೀತಮ್ ಇಣುಕಿದ. "ಇದು ಬಸ್ ಸ್ಟ್ಯಾಂಡ್ ಮೆಟ್ಟಿಲ ಹತ್ರ ಲಾಫಿಂಗ್ ತಿಂಡಿ ಮಾರೋ ಯಾಂಗ್‌ಜೋಮ್!"

ಯಾಂಗ್‌ಜೋಮ್ ತಣ್ಣನೆಯ ಲಾಫಿಂಗ್ ಹಿಟ್ಟಿನ ಸುರುಳಿಯ ಮೇಲೆ ಖಾರದೆಣ್ಣೆ ಸುರಿಯುತ್ತಿದ್ದಳು. ಪೊಲೀಸರನ್ನು ಕಂಡೂ ಚಮಚ ಕೆಳಗಿಡಲಿಲ್ಲ. ಗಿರಾಕಿಯ ತಟ್ಟೆ ಕೊಟ್ಟ ಮೇಲೆಯೇ ತಿರುಗಿದಳು.

"ಅಕ್ಕ, ಕ್ಯಾಮೆರಾ?"

"ಖಾರದ ಡಬ್ಬಿ ಹಿಂದೆ. ಮುರಿದಿಲ್ಲ, ಮಾರಿಲ್ಲ."

"ಒಳಗಿನ ಕಾರ್ಡು?"

"ಒಲೆಗೆ ಹಾಕ್ದೆ."

"ಬಾವುಟ?"

"ಅದನ್ನ ಕಸಕ್ಕೆ ಹಾಕ್ತಾರೇನಮ್ಮ ಯಾರಾದ್ರೂ?"

"ಠಾಣೆಗೆ ಬಂದು ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವೂ ನಗ್ತಿದ್ರೇನೋ."

ಇಂದು ತಡವರಿಸಿದಳು. "ಕೇಸಾದ್ರೆ ನಿಮ್ಮ ನಿರಾಶ್ರಿತರ ನೋಂದಣಿ ಪುಸ್ತಕ ನವೀಕರಣ ಆಗೋದು ಕಷ್ಟ. ಊರೇ ಬಿಡಬೇಕಾಗಬಹುದು."

"ಗೊತ್ತಿದ್ದೇ ಎತ್ಕೊಂಡೆ. ಈ ಮುಖ ವಿಡಿಯೊದಲ್ಲಿ ಗಡಿ ದಾಟಿದ್ರೆ ಅಲ್ಲಿ ಚೀನಾ ಪೊಲೀಸರು ಮೊದಲು ಬಡಿಯೋದು ಅಮ್ಮನ ಬಾಗಿಲು. ಪುಸ್ತಕ ಹೋಗೋದಾದ್ರೆ ಹೋಗ್ಲಿ. ಆ ಹುಡುಗ ನಾಳೆ ಮತ್ತೆ ಬಂದ್ರೆ ಮತ್ತೆ ಎತ್ಕೋತೀನಿ. ಹಾಗೇ ಬರ್ಕೋ."

ಹೆಂಗಸಾದ್ದರಿಂದ ಸೂರ್ಯ ಮುಳುಗುವ ಮೊದಲೇ ಬಂಧನದ ಕ್ರಮ ಮುಗಿಯಬೇಕಿತ್ತು. ಕ್ಯಾಮೆರಾ ಜಪ್ತಿಯಾಯಿತು. ಯಾಂಗ್‌ಜೋಮ್ ಒಲೆ ಆರಿಸಿ, ಪಕ್ಕದ ಅಂಗಡಿಯವಳಿಗೆ ಪಾತ್ರೆ ಒಪ್ಪಿಸಿ, ತಾನೇ ಮುಂದಾಗಿ ಜೀಪು ಹತ್ತಿದಳು.

ಠಾಣೆಯಲ್ಲಿ ಕಟೋಚ್ ಕಾಗದಪತ್ರ ಪರಿಶೀಲಿಸಿದರು. ಮೆಹಕಳ ಮೊಬೈಲು ಮೇಜಿನ ಮೇಲಿತ್ತು.

"ಈ ಮೊಬೈಲನ್ನ ಕೇಸಿನಿಂದ ಬಿಟ್ಬಿಡಿ ಜರ್ಯಾಲ್. ಆಕೆ ಒಪ್ಕೊಂಡಿದಾಳೆ, ಮಾಲು ಸಿಕ್ಕಿದೆ. ನಗೋದು ಯಾವ ಕಲಮಿನಲ್ಲೂ ಅಪರಾಧ ಅಲ್ಲ. ಕೇಸು ಸುಮ್ನೆ ಉದ್ದ ಆಗತ್ತೆ."

"ಕರೆಕ್ಟ್ ಸಾರ್," ಕ್ಯಾಮೆರಾಗೆಂದು ಬಂದು ನಿಂತಿದ್ದ ಕರಣ್‌ವೀರ್ ದನಿ ಏರಿಸಿದ. "ಕಳ್ಳಿ ಪರ ಸಾಕ್ಷಿ ಹುಡುಕೋದೇನು ಇವರ ಕೆಲಸ?"

ಬೆಂಚಿನ ಮೇಲೆ ಯಾಂಗ್‌ಜೋಮ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೊಬೈಲು ಹೊರಗುಳಿದರೆ ನ್ಯಾಯಾಲಯಕ್ಕೆ ಕಾಣುವುದು ಕ್ಯಾಮೆರಾ ಕದ್ದ ಒಬ್ಬ ಲಾಫಿಂಗ್ ಮಾರುವವಳು, ಅಷ್ಟೆ. ಆಕೆಯ ಪುಸ್ತಕದ ಹಣೆಬರಹವನ್ನು ನಿರ್ಧರಿಸುವವರ ಕೈಗೂ ಹೋಗುವುದು ಅಷ್ಟೇ.

ಇಂದು ಮೊಬೈಲನ್ನು ಎತ್ತಿ ಜಪ್ತಿ ವಸ್ತುಗಳ ಸಾಲಿನಲ್ಲಿಟ್ಟಳು.

"ಇಲ್ಲ ಸರ್. ಇವರು ಕದ್ದಿದ್ದು ನಿಜ. ಅದಕ್ಕೂ ಮೊದಲು ಅಳಿಸಿಬಿಡು ಅಂತ ಬೇಡ್ಕೊಂಡಿದ್ದೂ ನಿಜ, ಈತ ನಕ್ಕಿದ್ದೂ ನಿಜ. ಒಂದನ್ನೇ ಬರೆಯೋದಾದ್ರೆ ನಾನು ಸಹಿ ಹಾಕಲ್ಲ."