ಅರವತ್ತು ಎಂಬ ಸಂಖ್ಯೆಯ ಅರ್ಥ

"ಯಂತ್ರದಲ್ಲಿ ದೋಷವಿಲ್ಲ. ರೋಗಿಯ ತಪ್ಪೂ ಇಲ್ಲ," ಎಂದಿತು ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ. "ಚಿಕಿತ್ಸೆಯ ಕಡತ ಕಳಿಸುವ ಕಂಪನಿಯ ಡಿಜಿಟಲ್ ಗುರುತಿನ ಪತ್ರದ ಅವಧಿ ನಿನ್ನೆ ಮುಗಿದಿದೆ. ನವೀಕರಿಸಬೇಕಾದವರು ಕಂಪನಿಯವರು."

೨೦೫೮ನೇ ಇಸವಿ. ಗದಗಿನ ಒಂದು ಡಯಾಲಿಸಿಸ್ ಕೇಂದ್ರ. ಆ ಹೊತ್ತಿಗೆ ರಕ್ತ ಶುದ್ಧಿ ಮಾಡುವ ಯಂತ್ರಗಳು ಪ್ರತಿ ರೋಗಿಯ ಕಾರ್ಡ್ ಓದಿ, ಅಂದಂದಿನ ಕಡತವನ್ನು ಸುರಕ್ಷಿತ ಜಾಲದಿಂದ ಇಳಿಸಿಕೊಂಡ ಮೇಲೆಯೇ ಕೆಲಸ ಶುರುಮಾಡುತ್ತಿದ್ದವು. ಇಳಿಯದಿದ್ದರೆ ಪರದೆಯ ಮೇಲೆ ಬರೀ ಒಂದು ಸಂಖ್ಯೆ. ಅವತ್ತು ಬಂದದ್ದು ಅರವತ್ತು. ಅಂಥ ಸಂಖ್ಯೆಗಳ ಹಿಂದೆ ನಡೆದದ್ದನ್ನೆಲ್ಲ ಓದಿ, ಯಾರು ಏನು ಮಾಡಬೇಕೆಂದು ಕನ್ನಡದಲ್ಲಿ ಹೇಳುವ ಈ ಪೆಟ್ಟಿಗೆಯನ್ನು ವಿಜ್ಞಾನಿ ನೀಲಗಂಗಾ ಬಡಿಗೇರ ಪರೀಕ್ಷೆಗೆಂದು ತಂದು ಮೂರು ದಿನವಾಗಿತ್ತು.

"ಮೇಡಂ, ಗುರುತು ನೋಡೂದನ್ನ ಬಂದ್ ಮಾಡಿದ್ರ ಕಡತ ಇಳೀತೈತ್ರಿ," ಎಂದಳು ತಂತ್ರಜ್ಞೆ ಮೇಘಾ. "ನದಾಫ ಅಜ್ಜಾರ ಕಾಲು ಆಗಲೇ ಬಾತಾವ."

"ಬ್ಯಾಡ. ಯಾರು ಕಳಿಸಿದ್ರಂತ ಗೊತ್ತಿಲ್ಲದ ಕಡತ ನಂಬಿ ಅವರ ರಕ್ತ ಹರಿಸೂದಾ? ಕಂಪನಿಗೆ ಫೋನ್ ಹಚ್ಚು," ಎಂದಳು ನೀಲಗಂಗಾ.

ಕಂಪನಿಯ ಅಧಿಕಾರಿ ಎಂದಿನಂತೆ, "ತಾಂತ್ರಿಕ ತೊಂದರೆ, ನಾಳೆ ನೋಡೋಣ," ಎಂದ. ಮೇಘಾ ಪೆಟ್ಟಿಗೆ ಹೇಳಿದ್ದನ್ನೇ ಅಕ್ಷರಶಃ ಹೇಳಿದಳು. ಮುಕ್ಕಾಲು ಗಂಟೆಯಲ್ಲಿ ಪತ್ರ ನವೀಕರಣವಾಗಿ ಕಡತ ಇಳಿಯಿತು.

ಕೊಳವೆಗಳಲ್ಲಿ ತನ್ನ ರಕ್ತ ಹರಿಯುವುದನ್ನು ನೋಡುತ್ತ ಮಲಗಿದ್ದ ಇಮಾಮಸಾಬ ನದಾಫ, ಬಸ್ ಓಡಿಸಿ ನಿವೃತ್ತನಾದವನು, ಮೆಲ್ಲಗೆ ಕೇಳಿದ: "ಯವ್ವಾ, ಅಂದ್ರ ಇದು ನನ್ನ ಕಾರ್ಡಿನ ತಪ್ಪಲ್ಲೇನು?"

"ಅಲ್ರೀ ಅಜ್ಜಾರ," ಎಂದಳು ನೀಲಗಂಗಾ.

"ಆರು ವರ್ಷ ಆತು. ನಂಬರ್ ಬಂದಾಗೊಮ್ಮೆ ಮನಿಗೆ ಕಳಸ್ತಿದ್ರು. ಕಾರ್ಡ್ ಹೊಲಸಾಗೇತೇನೋ ಅಂತ ನಾ ಸಾಬೂನು ಹಚ್ಚಿ ತೊಳಕೊಂಡು ಬರ್ತಿದ್ದೆ!"

ಅವನು ನಕ್ಕ. ನೀಲಗಂಗಾಳಿಗೆ ನಗಲಾಗಲಿಲ್ಲ.

ಮರುವಾರ ಅದೇ ಕಂಪನಿ ಅವಳ ಬಳಿ ಬಂತು. ಪೆಟ್ಟಿಗೆಯನ್ನು ಎರಡು ಸಾವಿರ ಕೇಂದ್ರಗಳಲ್ಲಿ ಇಡುತ್ತೇವೆ, ಸರಿಪಡಿಸಬೇಕಾದವರು ಯಾರೆಂದು ಹೇಳುವ ಆ ಒಂದು ಸಾಲು ಮಾತ್ರ ಬೇಡ ಎಂದರು. ತನ್ನ ಕೆಲಸ ಊರೂರಿಗೆ ಮುಟ್ಟಬೇಕೆಂಬ ಆಸೆ ಅವಳಿಗೂ ಇತ್ತು. ಎರಡು ದಿನ ಒದ್ದಾಡಿ, ಕೊನೆಗೆ ನದಾಫನನ್ನೇ ಕೇಳಿದಳು.

"ಆ ಸಾಲು ತಗದ್ರ ಮತ್ತೇನು ಹೇಳ್ತೈತಿ ಅದು?" ಎಂದ ಅವನು.

"'ಆಮ್ಯಾಲೆ ಮತ್ತೊಮ್ಮೆ ಪ್ರಯತ್ನ ಮಾಡ್ರಿ' ಅಂತ."

"ಅಷ್ಟ ಹೇಳಾಕ ನೀ ಯಾಕ ಬೇಕವ್ವಾ?"

ಅವಳು ಒಪ್ಪಂದವನ್ನು ಸಹಿ ಮಾಡದೆ ಹಿಂದಿರುಗಿಸಿದಳು. ಮೂರು ವರ್ಷಗಳಲ್ಲಿ ಪೆಟ್ಟಿಗೆ ಮುಟ್ಟಿದ್ದು ನಲವತ್ತು ಊರುಗಳನ್ನು ಮಾತ್ರ. ಅಲ್ಲಿಯ ಜನ ಆಸ್ಪತ್ರೆಯಲ್ಲಷ್ಟೇ ಅಲ್ಲ, ಬ್ಯಾಂಕಿನಲ್ಲೂ ಪಡಿತರ ಅಂಗಡಿಯಲ್ಲೂ ಕೆಲಸ ನಿಂತಾಗ, "ಇದನ್ನ ಸರಿ ಮಾಡಬೇಕಾದವ್ರು ಯಾರ್ರೀ?" ಎಂದು ಕೇಳತೊಡಗಿದರು. ಉಳಿದ ಊರುಗಳಲ್ಲಿ ಪರದೆಯ ಮೇಲಿನ ಬರೀ ಸಂಖ್ಯೆಯ, ಇಲ್ಲವೇ 'ಏನೋ ತೊಂದರೆಯಾಗಿದೆ' ಎಂಬ ಸಾಲಿನ ಮುಂದೆ ಜನ ಈಗಲೂ, ತಾವೇ ಏನೋ ತಪ್ಪು ಒತ್ತಿದೆವೆಂದುಕೊಂಡು, ಮತ್ತೆ ಮೊದಲಿಂದ ಶುರುಮಾಡುತ್ತಾರೆ.