ಹುಳ ಕಚ್ಚಿದ ಎಲೆ

"ಹುಳ ತಿಂದ ಸೊಪ್ಪು ತಂದೀಯಲ್ಲ, ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು?"

ಕಲಬುರ್ಗಿಯ ಶಹಾಬಜಾರದ ದವಾಖಾನೆಯ ಕಂಪೌಂಡರ್ ಅಂಬಣ್ಣ ಪುತಳಾಬಾಯಿಗೆ ಆಡಿದ ಮೊದಲ ಮಾತೇ ಇದು. ನಿಜಾಮನ ರಜಾಕಾರರ ಹಾವಳಿಯಲ್ಲಿ ಮಲೇರಿಯಾ ಜ್ವರದ ಔಷಧಿ ಕ್ವಿನೈನ್ ಬರುವುದು ನಿಂತಿತ್ತು. ಉಳಿದ ಶೀಶೆಗಳು ಜಮೀನ್ದಾರ ದೇಶಮುಖರ ವಾಡೆ ಸೇರಿದ್ದವು. ಕೇರಿಯ ಜ್ವರಕ್ಕೆ ಕೇರಿಯವರೇ ಸಾಯಬೇಕಿತ್ತು. ನೆಲಬೇವಿನ ಕಹಿ ಕಷಾಯದಿಂದಲೇ ಜ್ವರ ಇಳಿಸುವ ಹಟ ಅಂಬಣ್ಣನಿಗೆ.

ಕಮಲಾಪುರದಿಂದ ನೆಲಬೇವಿನ ಸೊಪ್ಪು ಹೊತ್ತು ಬಂದಿದ್ದ ಪುತಳಾ ಸೊಂಟಕ್ಕೆ ಕೈಯಿಟ್ಟು ಅವನನ್ನೇ ದಿಟ್ಟಿಸಿದಳು. ಅವನ ಕಿವಿಗಳು ಕೆಂಪಾದವು.

"ಒಂದೆಲಿ ತಿಂದು ನೋಡ್ರಿ, ಸಾಹೇಬ್ರ."

ಅವನು ತಿನ್ನಲಿಲ್ಲ. ತೂತುಬಿದ್ದ ಎಲೆಗಳನ್ನೆಲ್ಲ ತಿಪ್ಪೆಗೆ ಎಸೆದ. ಮುಂದಿನ ಸಂತೆಗೆ ಅವಳು ಹಸನಾದ ಎಲೆಗಳನ್ನಷ್ಟೇ ಆರಿಸಿ ತಂದಳು. ಅವನು ನಕ್ಕ. ಆ ನಗುವಿಗಾಗಿ ಅವಳು ಮಳೆಗಾಲವೆಲ್ಲ ಹಸನಾದದ್ದನ್ನೇ ತಂದಳು.

ಈಗ ಅಂಬಣ್ಣನೇ ಜ್ವರದಲ್ಲಿ ಮಲಗಿದ್ದಾನೆ, ತನ್ನದೇ ಕಷಾಯ ಕುಡಿದರೂ ಇಳಿದಿಲ್ಲ ಎಂದು ಗಾಡಿ ಹೊಡೆಯುವ ಸೂಗಪ್ಪ ಬಂದು ಹೇಳಿದ. ಅವಳು ಹುಳ ಕಚ್ಚಿದ ಎಲೆಗಳನ್ನೇ ಹುಡುಕಿ ಬುಟ್ಟಿ ತುಂಬಿ ಗಾಡಿ ಹತ್ತಿದಳು.

ಕಲಬುರ್ಗಿಯ ಹಾದಿಯಲ್ಲಿ ರಜಾಕಾರರು ಗಾಡಿ ತಡೆದರು. ಒಬ್ಬ ಬುಟ್ಟಿಗೆ ಭರ್ಚಿ ತಿವಿದ. "ಜಹರ್ ಹೈ ಕ್ಯಾ? ಖಾ ಕೆ ದಿಖಾ!"

ವಿಷವಲ್ಲವೆಂದು ತೋರಿಸಲು ಅವಳು ಒಂದು ಹಿಡಿ ಅಗಿದಳು. ಕಹಿಗೆ ನಾಲಿಗೆ ಸುಟ್ಟಂತಾಯಿತು. ಮುಖ ಕಿವಿಚಿದರೆ ಬುಟ್ಟಿ ಹೋಗುತ್ತದೆ, ಬುಟ್ಟಿ ಹೋದರೆ ಅವನು ಹೋಗುತ್ತಾನೆ. ಅವಳು ಬೆಲ್ಲ ತಿಂದವಳಂತೆ ನುಂಗಿದಳು. ಅವರು ಗಾಡಿಯನ್ನು ಮುಂದೆ ಬಿಟ್ಟರು.

ಅಂಬಣ್ಣನ ಮನೆಯಲ್ಲಿ ಅವನ ತಾಯಿ ಭಾಗಮ್ಮ ಒಲೆ ಹೊತ್ತಿಸಿದಳು, ಪುತಳಾ ಎಲೆ ಅರೆದಳು. ಕಷಾಯದ ಮೊದಲ ಗುಟುಕಿಗೇ ಅವನು ಮುಖ ಕಿವಿಚಿದ, ಕಣ್ಣಲ್ಲಿ ನೀರು ಬಂತು.

"ಅಯ್ಯಯ್ಯ, ಇದ್ಯಾವ ಗಿಡ?"

"ಅದೇ ಗಿಡ. ನೀವು ತಿಪ್ಪಿಗೆ ಒಗೀತಿದ್ರಲ್ಲ, ಆ ಎಲಿ. ಹುಳ ಕಚ್ಚಿದ ಮ್ಯಾಲ ಗಿಡ ಸುಮ್ಮ ಕೂಡಂಗಿಲ್ಲರೀ, ಮೈತುಂಬ ಕಹಿ ತುಂಬ್ಕೋತದ."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಹಸನಾದದ್ದು ತಂದ್ರ ನೀವು ನಗ್ತಿದ್ರಿ." ಅವಳು ಬಟ್ಟಲನ್ನು ಮತ್ತೆ ಅವನ ಕೈಗಿಟ್ಟಳು. "ಆ ನಗಿ ಆಶಾಕ ನಿಮ್ಮನ್ನ ಕೊಂದೇನಂತ ದಾರಿ ತುಂಬ ಅಂಜಿ ಸತ್ತೀನಿ."

ಓಣಿಯಲ್ಲಿ ರಜಾಕಾರರ ಜೀಪು ಗುರುಗುಟ್ಟಿತು. ಮೂವರೂ ಉಸಿರು ಹಿಡಿದರು. ಬೂಟುಗಳ ಸಪ್ಪಳ ಬಾಗಿಲ ತನಕ ಬಂದು, ನಿಂತು, ಮುಂದೆ ಹೋಯಿತು.

ಎಲೆ ಅರೆದು ಹಸಿರಾಗಿದ್ದ ಅವಳ ಬೆರಳುಗಳನ್ನು ಅವನು ತುಟಿಗೊತ್ತಿಕೊಂಡ. ಈ ಸಲ ಮುಖ ಕಿವಿಚಲಿಲ್ಲ.

"ಇನ್ನ ಮ್ಯಾಲೆ ಹುಳ ಕಚ್ಚಿದ್ದೇ ತಾ, ಪುತಳಾ. ಇಲ್ಲೇ ಇದ್ದು, ದಿನಾ ನೀನೇ ಕುಡಿಸು."

ಅವಳು ಅವನ ಹಣೆ ಮುಟ್ಟಿದಳು. ಬೆರಳಿಗೆ ತೇವ ತಾಗಿತು. ಜ್ವರ ಬಿಡುವ ಬೆವರು.